‘ಕೂರ್ತದೆ, ಆದ್ರೆ ಒಗ್ಗುದಿಲ್ಲ’: ಕಂಪ್ಯಾಟಿಬಲ್‌ಗೆ ಯಾವ ಪದ?

ಬಲ್ಲವರಿಗೆ ನಮಸ್ಕಾರ.

ಉಡುಪಿಯ ಅಂಬಲಪಾಡಿಯಲ್ಲಿ ನಮ್ಮ ನೆರೆಮನೆಯವರೊಬ್ಬರು ಶಾರ್ಜಾದ ವರ್ಕ್‌ಶಾಪಿನಲ್ಲಿ ಹದಿನೆಂಟು ವರ್ಷ ದುಡಿದು ಊರಿಗೆ ಮರಳಿದ್ದಾರೆ. ಅಲ್ಲಿ ಅವರ ಕೈಗೆ ಹೆಚ್ಚಾಗಿ ಬರುತ್ತಿದ್ದುದು ಅಮೆರಿಕದ ಮಸಲ್ ಕಾರುಗಳು, ಅಂದರೆ ದೊಡ್ಡ ಇಂಜಿನಿನ ಜೋರು ಗಾಡಿಗಳು: ಮಸ್ಟಾಂಗ್, ಕಮಾರೊ, ಚಾಲೆಂಜರ್. ಈಗ ಗಲ್ಫಿಗೆ ಹೊರಟಿರುವ ಐಟಿಐ ಹುಡುಗರಿಗೆ ಸಂಜೆ ಹೊತ್ತು ಸೈಲೆನ್ಸರ್, ಇಂಜಿನ್ ಅಪ್‌ಗ್ರೇಡ್ ಇವುಗಳ ಪಾಠ ಹೇಳುತ್ತಾರೆ. ಆ ಪಾಠವನ್ನು ಕನ್ನಡದಲ್ಲಿ ಪುಸ್ತಿಕೆ ಮಾಡಲು ಕೂತವನು ನಾನು. ಒಂದು ಪದ ಮಾತ್ರ ಕೈಗೆ ಸಿಗುತ್ತಿಲ್ಲ.

ಕಂಪ್ಯಾಟಿಬಲ್ ಎನ್ನುವುದಕ್ಕೆ ಮೊದಲು ‘ಹೊಂದಾಣಿಕೆಯಾಗುವ ಬಿಡಿಭಾಗ’ ಎಂದು ಬರೆದೆ. ಓದಿ ಹೇಳಿದಾಗ ಒಬ್ಬ ಹುಡುಗ ಕೇಳಿದ, “ಅಂದ್ರೆ ಅಡ್ಜಸ್ಟ್ ಮಾಡಿ ಹಾಕುದಾ ಸರ್?” ಅವನದು ತಪ್ಪಲ್ಲ. ರಾಜಕೀಯದ ಹೊಂದಾಣಿಕೆ, ಸೊಸೆ ಅತ್ತೆಮನೆಯಲ್ಲಿ ಮಾಡಿಕೊಳ್ಳುವ ಹೊಂದಾಣಿಕೆ, ಎಲ್ಲ ಕಡೆಯೂ ಆ ಪದ ಸರಿಬೀಳದ್ದನ್ನು ಹೇಗೋ ಸರಿಮಾಡಿಕೊಳ್ಳುವ ಅರ್ಥಕ್ಕೇ ಜಾರಿದೆ. ನಮಗೆ ಬೇಕಾದ್ದು ಅದರ ತದ್ವಿರುದ್ಧ. ‘ಅನುರೂಪ’, ‘ಸುಸಂಗತ’ ಎರಡನ್ನೂ ಗ್ಯಾರೇಜಿನೊಳಗೆ ಕರೆದುಕೊಂಡು ಹೋಗಲು ನನಗೆ ಮನಸ್ಸಿಲ್ಲ.

ಉತ್ತರ ಗುರುಗಳ ಬಾಯಲ್ಲೇ ಇತ್ತು. ಗಾಳಿ ಒಳಗೆಳೆಯುವ ದೊಡ್ಡ ಕೊಳವೆಯೊಂದನ್ನು ಕೈಯಲ್ಲಿ ಹಿಡಿದು, ಅದರ ಬಾಯಿಗೆ ಹೆಬ್ಬೆರಳು ತಾಗಿಸಿ, “ನೋಡಿ, ಇದು ಕೂರ್ತದೆ. ಕ್ಲ್ಯಾಂಪ್ ಟೈಟ್ ಆಗ್ತದೆ, ಬಾನೆಟ್ ಮುಚ್ತದೆ. ಆದ್ರೆ ಗಾಡಿಗೆ ಒಗ್ಗುದಿಲ್ಲ ಮಾರಾಯ್ರೆ” ಎಂದರು. ಕಾರಣವನ್ನೂ ಹೇಳಿದರು. ಗಾಳಿ ಅಳೆಯುವ ಸೆನ್ಸರ್ ಇರುವ ಕಡೆ ಕೊಳವೆ ಅಗಲವಾದರೆ, ಅಷ್ಟೇ ಗಾಳಿ ನಿಧಾನವಾಗಿ ಸಾಗುತ್ತದೆ. ಇಂಜಿನ್ ನಡೆಸುವ ಕಂಪ್ಯೂಟರಿಗೆ ಗಾಳಿ ಕಮ್ಮಿ ಬಂದ ಲೆಕ್ಕ. ಅದು ಪೆಟ್ರೋಲನ್ನೂ ಕಮ್ಮಿ ಬಿಡುತ್ತದೆ. ಟ್ಯೂನ್, ಅಂದರೆ ಆ ಕಂಪ್ಯೂಟರಿನ ಲೆಕ್ಕಾಚಾರ, ಬದಲಿಸದೆ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಇಂಜಿನ್ ನಾಕಿಂಗ್‌ಗೆ ಬೀಳಬಹುದು, ಅಂದರೆ ಒಳಗೆ ಪೆಟ್ರೋಲು ಅಂಕೆತಪ್ಪಿ ಸಿಡಿದು ಬಡಿಯಬಹುದು.

ಇಂಗ್ಲಿಷಿನ ಒಂದು ಪದದೊಳಗೆ ಅಡಗಿರುವ ಎರಡು ಸಂಗತಿಗಳನ್ನು ನಮ್ಮ ಕರಾವಳಿ ಮಾತು ಸಲೀಸಾಗಿ ಬೇರ್ಪಡಿಸಿದೆ. ಇದು ನನಗೆ ತುಂಬ ಹಿಡಿಸಿತು. ಮಸ್ಟಾಂಗ್ ಜಿಟಿಯನ್ನೇ ನೋಡಿ. 2017ರ ಇಂಜಿನೂ 2018ರ ಇಂಜಿನೂ 5.0 ಲೀಟರಿನ ವಿ8. ಆದರೆ 2018ರಲ್ಲಿ ಕಂಪ್ರೆಶನ್ (ಸಿಲಿಂಡರಿನಲ್ಲಿ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ) 11ರಿಂದ 12ಕ್ಕೆ ಏರಿತು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಎರಡು ಬಗೆಯದಾಯಿತು. ಹಿಂದಿನದರ ಟ್ಯೂನ್ ಮುಂದಿನದಕ್ಕೆ ಒಗ್ಗುವುದಿಲ್ಲ. ಅದೇ 2018ರಿಂದ ಕೆಲವು ಗಾಡಿಗಳ ಸೈಲೆನ್ಸರಿನಲ್ಲಿ ತೆರೆದು ಮುಚ್ಚುವ ವಾಲ್ವ್ ಬಂತು. ವಾಲ್ವ್ ಇಲ್ಲದ ಗಾಡಿಯ ಸೈಲೆನ್ಸರನ್ನು ಅಲ್ಲಿ ಹಾಕಿದರೆ ವಾಲ್ವಿನ ಮೋಟಾರಿಗೆ ನೆಲೆಯೇ ಇರುವುದಿಲ್ಲ.

‘ಒಗ್ಗು’ ಬಗ್ಗೆ ನನಗಿರುವ ಅಳುಕು ಎರಡು. ‘ಒಗ್ಗಿಕೊಳ್ಳು’ ಅಂದರೆ ದಿನ ಕಳೆದಂತೆ ರೂಢಿಯಾಗುವುದು. ತಪ್ಪು ಬಿಡಿಭಾಗ ಯಾವ ಕಾಲಕ್ಕೂ ರೂಢಿಯಾಗದು. ಆದರೆ ‘ಆ ಊರಿನ ನೀರು ನನಗೆ ಒಗ್ಗಲಿಲ್ಲ’ ಎನ್ನುವಾಗ ಈ ಛಾಯೆ ಇಲ್ಲ, ನನಗೆ ಬೇಕಾದ ಅರ್ಥ ಅದೇ. ಇನ್ನೊಂದು, ಇಲ್ಲಿ ಚತುರ್ಥಿ ವಿಭಕ್ತಿ (‘ಗೆ’, ‘ಕ್ಕೆ’) ಬೇಕೇ ಬೇಕು: ನೀರು ನನಗೆ, ಕೊಳವೆ ಇಂಜಿನಿಗೆ. ತಾಳಿಕೊಳ್ಳಬೇಕಾದವರು ಯಾರು ಎಂಬುದು ವಾಕ್ಯದಲ್ಲೇ ಬಂದುಬಿಡುತ್ತದೆ, ಅದು ಒಳ್ಳೆಯದೇ. ಆದರೆ ಹೆಡರ್ (ಸಿಲಿಂಡರುಗಳಿಂದ ಹೊಗೆ ಹೊರತರುವ ಕೊಳವೆಗಳು), ಇಂಟೇಕ್ (ಗಾಳಿ ಒಳಗೆಳೆಯುವ ಕೊಳವೆ), ಟ್ಯೂನ್ ಮೂರನ್ನೂ ಒಟ್ಟಿಗೆ ಆರಿಸುವಾಗ ‘ಒಂದಕ್ಕೊಂದು ಒಗ್ಗುವ’ ಎನ್ನಬೇಕಾಗುತ್ತದೆ. ಪಟ್ಟಿಯ ತಲೆಬರಹಕ್ಕೆ ಅದು ಉದ್ದವಾಯಿತು. ‘ಒಗ್ಗಿಕೆ’ ಎಂಬ ನಾಮಪದ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?

ಎಕ್ಸಾಸ್ಟ್‌ಗೆ ಪಠ್ಯದ ‘ನಿಷ್ಕಾಸ’ ಬೇಡವೆಂದು ‘ಹೊಗೆಕೊಳವೆ’ ಇಟ್ಟಿದ್ದೇನೆ. ತುಳುವಿನಲ್ಲಿ ಪುಗೆ, ಹಳಗನ್ನಡದಲ್ಲಿ ಪೊಗೆ, ಆದ್ದರಿಂದ ಇಲ್ಲಿನ ಹುಡುಗರಿಗೆ ಪರಕೀಯವಲ್ಲ. ಸೈಲೆನ್ಸರ್ ಸೈಲೆನ್ಸರೇ, ಮಸಲ್ ಕಾರೂ ಹಾಗೆಯೇ ಇರಲಿ.

ಇನ್ನೊಂದು ಪದ ಸ್ಕ್ಯಾವೆಂಜಿಂಗ್. ಒಂದು ಸಿಲಿಂಡರಿನ ಹೊಗೆ ರಭಸದಿಂದ ಹೊರಟಾಗ ಅದರ ಬೆನ್ನಿಗೆ ಒತ್ತಡ ಇಳಿಯುತ್ತದೆ. ಕೊಳವೆಗಳು ಕೂಡುವಲ್ಲಿ ಅದು ಮುಂದಿನ ಸಿಲಿಂಡರಿನ ಹೊಗೆಯನ್ನು ಎಳೆದುಕೊಳ್ಳುತ್ತದೆ. ಕೊಳವೆ ತೀರ ಅಗಲವಾದರೆ ರಭಸ ತಗ್ಗಿ, ಕಡಿಮೆ ಆರ್‌ಪಿಎಂನಲ್ಲಿ ಇಂಜಿನಿನ ಎಳೆತ ಸಾಯುತ್ತದೆ. ಹೀಗೆ ಹೊಗೆ ಎಳೆದುಕೊಳ್ಳುವುದಕ್ಕೆ ‘ಸೆಳೆತ’ ಎಂದಿದ್ದೇನೆ. ಮಲ್ಪೆಯಲ್ಲಿ ಅಲೆ ಹಿಂದಿರುಗುವಾಗ ಕಾಲಡಿಯ ಮರಳು ಜಾರಿದ್ದನ್ನು ಕಂಡ ಹುಡುಗರು ಎರಡನೇ ಮಾತಿಲ್ಲದೆ ಒಪ್ಪಿದರು. ಘಟ್ಟದ ಮೇಲಿನವರಿಗೂ ಇದು ಹೀಗೇ ಹೊಳೆಯುತ್ತದೆಯೇ?

ಶಿವಮೊಗ್ಗ, ಧಾರವಾಡ, ಮೈಸೂರು ಕಡೆಯ ಗ್ಯಾರೇಜುಗಳಲ್ಲಿ ‘ಕೂರುತ್ತದೆ’, ‘ಒಗ್ಗುತ್ತದೆ’ ಇವಕ್ಕೆ ಏನನ್ನುತ್ತಾರೆ ಎಂದು ಕಿವಿಯಾರೆ ಕೇಳಿದವರು ತಿಳಿಸಿ. ಆಯುಧಪೂಜೆಗೆ ಮೊದಲು ಪುಸ್ತಿಕೆ ಅಚ್ಚಿಗೆ ಹೋಗಬೇಕು.