ಯೂನಿವರ್ಸಿಟಿಯಿಂದ ನಮ್ಮಪ್ಪಂಗೇನ್ಲಾ ಬಂತು?

ಸೀನ ವಡೆ ಮುರೀತಾ ಶುರು ಹಚ್ಕೊಂಡ. "ಅಲ್ಲ ಕಣ್ರಲಾ, ಇಷ್ಟೊಂದ್ ಯೂನಿವರ್ಸಿಟಿ ಅವೆ, ಘಟಿಕೋತ್ಸವ ಅಂತೆ ಗೌನಂತೆ ಚಿನ್ನದ ಪದಕ ಅಂತೆ, ಎಲ್ಲಾ ಜನರ ದುಡ್ಡು, ಕಾಲೇಜ್ ಮೆಟ್ಲೇ ಹತ್ದಿರೋ ನಮ್ಮಪ್ಪಂಗೆ ಇವರಿಂದ ಏನ್ ಬಂತು?"

"ಬೆಳಿಗ್ಗೆ ಏನ್ ತಿಂದ್ಯಲಾ?" ಅಂದ ಗಿರಿ.

"ಮುದ್ದೆ, ಉಪ್ಸಾರು."

"ಅದೇ ಬಂತು! ಇಲ್ಲೇ ಮಂಡ್ಯದ ವಿ.ಸಿ. ಫಾರ್ಮ್ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲಕ್ಷ್ಮಣಯ್ಯ ಅಂತ ವಿಜ್ಞಾನಿ ಇದ್ರು, ನಮ್ ರಾಗಿಗೂ ಆಫ್ರಿಕಾ ರಾಗಿಗೂ ಸಂಬಂಧ ಕುದುರಿಸಿ ಇಂಡಾಫ್ ತಳಿ ತೆಗೆದ್ರು. ರಾಗಿ ಹೂವು ಕಣ್ಣಿಗೇ ಸರ್ಯಾಗ್ ಕಾಣಲ್ಲ, ತನ್ ಪರಾಗ ತಾನೇ ತಗೊಂಡ್ ಮುಗಿಸ್ಕೊಂಡ್ಬಿಡ್ತದೆ, ಅಂಥದ್ದಕ್ಕೆ ಹೊರಗಿನ ಗಂಡು ತಂದು ಮದ್ವೆ ಮಾಡ್ಸೋದು ಅಂದ್ರೆ ನಿಂಗೆ ಹೆಣ್ ಹುಡುಕ್ದಷ್ಟೇ ಕಷ್ಟ."

ಎಲ್ರೂ ನಕ್ರು, ಸೀನ ಮಾತ್ರ ಚಟ್ನಿ ಕಡೆ ನೋಡ್ದ. "ಸರಿ, ಅದು ಕೃಷಿ ಯೂನಿವರ್ಸಿಟಿಯೋರ ಕೆಲ್ಸ. ಮಿಕ್ಕವು?"

ಮಾದೇವ ಕನ್ನಡ ಎಂ.ಎ., ಇಂಥಾ ಟೈಮಿಗೇ ಕಾಯ್ತಿರ್ತಾನೆ. "1916ರಲ್ಲಿ ಶುರುವಾದ ನಮ್ ಮೈಸೂರು ಯೂನಿವರ್ಸಿಟಿ ಮೇಷ್ಟ್ರುಗಳು ಹಳ್ಳಿಗೇ ಹೋಗಿ ಕನ್ನಡದಲ್ಲಿ ಸೈನ್ಸು, ಚರಿತ್ರೆ ಎಲ್ಲಾ ಭಾಷಣ ಮಾಡೋರು, ಆಮೇಲೆ ಅದನ್ನೇ ಸಣ್ ಸಣ್ ಪುಸ್ತಕ ಮಾಡಿ ಅಗ್ಗಕ್ಕೆ ಮಾರೋರು. ಕುವೆಂಪು ವೈಸ್ ಚಾನ್ಸಲರ್ ಆದ್ಮೇಲೆ ಪ್ರಸಾರಾಂಗ ಅಂತ ಹೆಸ್ರಿಟ್ಟು ಇನ್ನೂ ಜೋರು ಮಾಡಿದ್ರು."

"ಈಗ್ಯಾಕ್ ಬರಲ್ಲ?"

"ಈಗ ಪೇಪರ್ ಪಬ್ಲಿಷ್ ಮಾಡಿದ್ರೆ ಪ್ರಮೋಷನ್ನು, ನಿಮ್ಮೂರ್ ಅರಳಿಕಟ್ಟೇಲಿ ಮಾತಾಡಿದ್ರೆ ಬಸ್ ಚಾರ್ಜ್ ಲಾಸು."

ನಾನು ಸುಮ್ನಿರಲಾರ್ದೆ ಎನ್ನೆಸ್ಸೆಸ್, ಅಂದ್ರೆ ಕಾಲೇಜ್ ಹುಡುಗ್ರ ರಾಷ್ಟ್ರೀಯ ಸೇವಾ ಯೋಜನೆ ಮಾತು ಎತ್ತಿದೆ. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ಹುಡುಗ್ರು ಜನರ ಜೊತೆ ಬೆರೀಲಿ ಅಂತ ಶುರು ಮಾಡಿದ್ದು ಅಂತ. ಗಿರಿ ಬಿಟ್ಟಾನಾ? "ನಮ್ ಕ್ಯಾಂಪ್ ಮರ್ತೋಯ್ತಾ? ಒಂದು ವಾರ ಚರಂಡಿ ತೋಡಿದ್ವಿ, ನೀರು ಊರ್ಗೇ ವಾಪಸ್ ಹರೀತು. ಬ್ಯಾನರಲ್ಲಿ 'ನನಗಲ್ಲ ನಿನಗೆ' ಅಂತ ದೊಡ್ಡಕ್ಷರ, ಪಾಯ್ಸ ಬಡ್ಸೋವಾಗ ಒಬ್ಬಂಗಾದ್ರೂ ನೆನಪಾಯ್ತಾ?"

"ಆ ಊರ್ ಅಜ್ಜಿ ಕೊನೇ ದಿನ ಸನಿಕೆ ಹಿಡಿಯೋದ್ ಹೆಂಗೆ ಅಂತ ತೋರ್ಸಿದ್ಳಲ್ಲ, ಕಲಿತಿದ್ದು ಅದೊಂದೇ," ಅಂದ ಮಾದೇವ.

ಕೊನೆಗೆ ಎಲ್ಲಾ ಸೇರಿ, ಈ ಸಲ ಬೆಂಗ್ಳೂರಿನ ಕೃಷಿ ಯೂನಿವರ್ಸಿಟಿ ಜಿಕೆವಿಕೆ ಕ್ಯಾಂಪಸ್ಸಿನ ಕೃಷಿಮೇಳಕ್ಕೆ ನಿಮ್ಮಪ್ಪನ್ನ ಕರ್ಕೊಂಡ್ ಹೋಗಿ ವಿಜ್ಞಾನಿಗಳ್ನೇ ಕೇಳ್ಸು ಅಂದ್ವಿ. ಸೀನ ಗಾಬರಿಯಾದ.

"ಬ್ಯಾಡ ಕಣ್ಲಾ. ನಮ್ಮಪ್ಪ ಕೇಳಕ್ ಹೋಗಲ್ಲ, ಹೇಳ್ಕೊಡಕ್ ಕೂತ್ಕೋತಾನೆ. ಕೊನೇ ಟ್ರೈನೂ ತಪ್ಪೋಯ್ತದೆ."