ಬೆಕ್ಕು ಮೂಸಿ ಬಾಯಿ ತೆರೆದು ನಿಲ್ಲುತ್ತೆ, ಒಂದೇ ಮೂಲೆಯಲ್ಲಿ ಉಚ್ಚೆ ಮಾಡುತ್ತೆ. ಯಾಕೆ?

ಮೂಲೆಮನೆ:
ಹೊಸ ಬಾಡಿಗೆ ಮನೆಗೆ ಬಂದಮೇಲೆ ನಮ್ಮ ಹೆಣ್ಣುಬೆಕ್ಕು ಬಾಗಿಲ ಸಂದಿ, ಗೋಡೆ, ಚಪ್ಪಲಿ ಎಲ್ಲಾ ಮೂಸುತ್ತೆ. ಕೆಲವು ಕಡೆ ತುಟಿ ಎತ್ತಿ, ಬಾಯಿ ಅರ್ಧ ತೆರೆದು ಹಾಗೇ ನಿಲ್ಲುತ್ತೆ. ಹಾಲ್‌ನ ಒಂದು ಮೂಲೆಯಲ್ಲಿ ದಿನಾ ಉಚ್ಚೆ. ಫಿನಾಯಿಲ್ ಹಾಕಿ ಒರೆಸಿದರೂ ಮತ್ತೆ ಅಲ್ಲೇ.

ಕರಿಬೆಕ್ಕು:
ಬಾಯಿ ತೆರೆಯೋದು ಕಾಯಿಲೆಯಲ್ಲ. ಮೇಲಿನ ಮುಂಬಲ್ಲುಗಳ ಹಿಂದೆ ಅಂಗುಳಿನಲ್ಲಿ ಎರಡು ಸಣ್ಣ ರಂಧ್ರಗಳಿವೆ. ವಾಸನೆ ಆ ದಾರಿಯಲ್ಲಿ ಜೇಕಬ್ಸನ್ ಅಂಗಕ್ಕೆ, ಅಂದರೆ ವಾಸನೆ ಗ್ರಹಿಸುವ ಇನ್ನೊಂದು ಅಂಗಕ್ಕೆ, ಮುಟ್ಟುತ್ತೆ. ಬೇರೆ ಬೆಕ್ಕಿನ ಉಚ್ಚೆ ವಾಸನೆಗೆ ಹೀಗೆ ಮಾಡೋದು ಹೆಚ್ಚು. ಆ ಮನೆಯಲ್ಲಿ ಮೊದಲು ಬೆಕ್ಕು ಇತ್ತೇ ವಿಚಾರಿಸಿ. ಆದರೆ ನಾಲಿಗೆ ಚಾಚಿ ಏದುಸಿರು ಬಿಡುತ್ತಿದ್ದರೆ ತಡಮಾಡದೆ ಡಾಕ್ಟರ ಹತ್ತಿರ ಒಯ್ಯಿರಿ. ಪದೇ ಪದೇ ಕೂತು ತಿಣುಕಿದರೆ, ಉಚ್ಚೆಯಲ್ಲಿ ರಕ್ತ ಕಂಡರೂ ಅಷ್ಟೇ.

ಹಿತ್ತಲಗಿಡ:
ಫಿನಾಯಿಲ್ ಇವತ್ತೇ ನಿಲ್ಲಿಸಿ, ದಯವಿಟ್ಟು. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಲಿವರ್ ಸರಿಯಾಗಿ ಹೊರಹಾಕಲಾರದು. ಒದ್ದೆ ನೆಲ ತುಳಿದು ಪಾದ ನೆಕ್ಕಿದರೆ ಸಾಕು, ಹೊಟ್ಟೆಗೆ ಹೋಗುತ್ತೆ. ಅದರ ಘಾಟು ನಮ್ಮ ಮೂಗನ್ನು ಮುಚ್ಚುತ್ತೆ ಹೊರತು ಉಚ್ಚೆಯ ಯೂರಿಕ್ ಆಮ್ಲದ ಹರಳು ಟೈಲ್ಸ್ ಸಂದಿಯಲ್ಲಿ ಉಳಿದೇ ಇರುತ್ತೆ. ತೇವ ತಗುಲಿದರೆ ವಾಸನೆ ಮತ್ತೆ ಏಳುತ್ತೆ.

ಮೊದಲು ಬರೀ ನೀರಿನಲ್ಲಿ ಎರಡು ಸಲ ಒರೆಸಿ ಫಿನಾಯಿಲ್ ತೆಗೆಯಿರಿ, ಇಲ್ಲದಿದ್ದರೆ ಉಚ್ಚೆಯ ಕಲೆ ಒಡೆಯುವ ಎನ್‌ಜೈಮ್ ಕ್ಲೀನರ್ ಕೆಲಸ ಮಾಡದು. ಆಮೇಲೆ ಆ ಕ್ಲೀನರನ್ನು ಕಲೆಯಿಂದ ಒಂದು ಗೇಣು ಆಚೆಗೂ ಸುರಿದು 15 ನಿಮಿಷ ಒದ್ದೆಯಾಗಿಯೇ ಬಿಡಿ. ಬೇಗ ಒರೆಸಿಬಿಡೋದರಿಂದಲೇ ಬಹಳ ಜನರಿಗೆ ಫಲ ಸಿಗಲ್ಲ. ಅಮೋನಿಯಾ ಇರುವ ಕ್ಲೀನರ್ ಬೇಡ, ಅದರ ವಾಸನೆ ಉಚ್ಚೆಯ ಹಾಗೇ ಇರುತ್ತೆ.

ಮೂಲೆಮನೆ:
ವಿನೆಗರ್ ಆಗುತ್ತಾ?

ಹಿತ್ತಲಗಿಡ:
ಸಮ ಪ್ರಮಾಣದ ನೀರು ಬೆರೆಸಿದರೆ ವಾಸನೆ ತಗ್ಗುತ್ತೆ, ಹರಳು ಕರಗಲ್ಲ. ಕಡಪ ಕಲ್ಲು, ಮಾರ್ಬಲ್ ನೆಲಕ್ಕೆ ಹಾಕಲೇಬೇಡಿ, ಹೊಳಪು ಹೋಗುತ್ತೆ.

ಕರಿಬೆಕ್ಕು:
ಇನ್ನೊಂದು ಕೆಲಸ ಬಾಕಿ: ಮನೆಗೆ ಬೆಕ್ಕಿನದೇ ವಾಸನೆ ಬರಬೇಕು. ಕೆಲವು ದಿನ ಒಂದೇ ಕೋಣೆಯಲ್ಲಿಡಿ, ಹಳೆಯ ಹಾಸು ಒಗೆಯಬೇಡಿ. ಮೆತ್ತನೆ ಹತ್ತಿಬಟ್ಟೆಯಿಂದ ಅದರ ಕೆನ್ನೆ, ಗದ್ದ ಸವರಿ, ಅದೇ ಬಟ್ಟೆಯನ್ನು ಬಾಗಿಲ ಚೌಕಟ್ಟಿಗೂ ಸೋಫಾ ಮೂಲೆಗೂ ನೆಲದಿಂದ ಸುಮಾರು 20 ಸೆಂ.ಮೀ. ಎತ್ತರದಲ್ಲಿ, ಅಂದರೆ ಅದರ ಮುಖ ತಾಗುವಲ್ಲಿ, ಉಜ್ಜಿ. ಅದು ತಾನೇ ಕೆನ್ನೆ ಉಜ್ಜಿ ಮಾಡಿದ ಕಂದು ಜಿಡ್ಡನ್ನು ಒರೆಸಬೇಡಿ. ಪಾದದಲ್ಲೂ ವಾಸನೆ ಗ್ರಂಥಿಗಳಿವೆ, ಹಾಗಾಗಿ ಹಲಗೆಗೆ ಗೋಣಿಚೀಲ ಬಿಗಿದು ಪರಚಲು ಕೊಡಿ. ಆ ಕೋಣೆಯಲ್ಲಿ ಅಗರಬತ್ತಿ, ರೂಮ್ ಫ್ರೆಶ್ನರ್ ಬೇಡ. ಬೆಕ್ಕಿನ ಉಚ್ಚೆ ಟ್ರೇಗೆ ಹಾಕುವ ಪರಿಮಳದ ಮರಳು (ಲಿಟರ್) ಕೂಡ ಬೇಡ. ಟ್ರೇ ಬಿಟ್ಟು ಮೂಲೆ ಹಿಡಿಯಲು ಅದೊಂದೇ ಸಾಕು.