ಸಹಾಯ ಬೇಕು: ಬ್ಯಾಗಿನ ಸೊಂಟಪಟ್ಟಿ ಗಟ್ಟಿಯಾಗಿ ಹೊಲಿಯೋರು ಬೆಳಗಾವಿಯಲ್ಲಿ ಯಾರದಾರ?

ನಮಸ್ಕಾರ್ರಿ. ಇಬ್ಬರು ಒಂದು ವರ್ಷ ತಿರುಗಾಟಕ್ಕ ಹೊರಟೀವಿ, ತಲಾ 40 ಲೀಟರಿನ ಬ್ಯಾಗ್ ಒಂದೇ. ಒಂದರ ಸೊಂಟಪಟ್ಟಿ ಬ್ಯಾಗಿಗೆ ಕೂಡೋ ಜಾಗದಾಗ ಹೊಲಿಗಿ ಬಿಚ್ಚೈತಿ. ಭಾರ ಎಲ್ಲಾ ಅಲ್ಲೇ ಬೀಳತೈತಿ. ಬರೇ ಒಂದು ಸಾಲು ಹೊಲಿಗಿ ಹಾಕಿದ್ರ ಮತ್ತ ಕೀಳೂದು ಖರೆ. ಒಳಗ ನೈಲಾನ್ ಪಟ್ಟಿ ಕೊಟ್ಟು, ಚೌಕ ಹೊಡದು ನಡುವ ಮೂಲಿಯಿಂದ ಮೂಲಿಗೆ ಅಡ್ಡಗೆರಿ ಹಾಕಿ, ದಪ್ಪ ನೈಲಾನ್ ದಾರದಾಗ ಹೊಲೀಬೇಕು. ಹತ್ತಿ ದಾರ ಬ್ಯಾಡ, ಮಳ್ಯಾಗ ಕೊಳೀತೈತಿ. ಮನಿ ಮಷೀನಿಗೆ ಇಷ್ಟು ದಪ್ಪ ಹೋಗೂದಿಲ್ಲ. ಖಡೇಬಜಾರ, ಶಹಾಪುರ ಕಡೆ ಚರ್ಮ ಹೊಲಿಯೋ ಮಷೀನ್ ಇದ್ದವರು ಗೊತ್ತಿದ್ರ ತಿಳಸ್ರಿ.

ಇನ್ನೊಂದು: ಮಳೆ ಕವರ್ ಬೆನ್ನಿನ ಬದಿ ಮುಚ್ಚೂದಿಲ್ಲ, ಅಲ್ಲಿಂದಾನ ನೀರು ಇಳೀತೈತಿ. ಅದಕ್ಕ ಒಳಗ ಹಾಕಾಕ ಸಕ್ಕರಿ ಚೀಲದೊಳಗಿನಂಥ ದಪ್ಪ ಪ್ಲಾಸ್ಟಿಕ್ ಬೇಕು, ಹೊಸಾದು, ಎರಡು. ಬಿಡಿಯಾಗಿ ಎಲ್ಲಿ ಸಿಗತೈತ್ರಿ?